ಪೇಟಿಗೆ ಕೂಡದ ಭೂಪ

ಶಿದ್ರಾಮನಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಮರೆತುಬಿಟ್ಟಿದ್ದರು. ಒಂದು ತಾಸು ನಿಂತ. ಆಮೇಲೆ ಪಾಟಿ ಅಲ್ಲೇ ಒಗೆದು ಮನೆಗೆ ನಡೆದವನು ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಈಗ ಇಪ್ಪತ್ತೆರಡರ ವಯಸ್ಸು, ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲುವ ಖಾತೆಯ ಕೆಲಸ, ಮೂಗಿನ ತುದಿಯಲ್ಲಿ ಸಿಟ್ಟು.

ಹಾಡಿನ ಯಂತ್ರ ಫೋನೋ ಕೊಂಡದ್ದೂ ಸಿಟ್ಟಿನಿಂದಲೇ. ಗೋಕಾಕದ ಪೇಟೆಯಲ್ಲಿ ಒಬ್ಬ ಸಾಹುಕಾರನ ಕಟ್ಟೆಯ ಕೆಳಗೆ ನಿಂತು, ಒಳಗಿನಿಂದ ಬರುತ್ತಿದ್ದ ಹಾಡು ಕೇಳುತ್ತಿದ್ದಾಗ ಸಾಹುಕಾರ ಹೊರಬಂದು, "ಏನಲೇ, ಪುಗಸಟ್ಟೆ ಬೈಠಕ ಅಂತ ತಿಳದೀಯೇನು? ಅಷ್ಟ ಹುಚ್ಚಿದ್ರ ನಿನ್ನ ಮನ್ಯಾಗೊಂದು ತಂದಿಡು" ಎಂದಿದ್ದ.

ತಂದಿಟ್ಟ. ಸಂಕೇಶ್ವರದ ಅರಿವೆ ವ್ಯಾಪಾರಿ ತವನಪ್ಪ ಹೊಸ ಫೋನೋ ತರಿಸಿ ಹಳೆಯದನ್ನು ಮೂಲೆಗೆ ತಳ್ಳಿದ್ದ. ಅದಕ್ಕೇ ಗಂಟು ಬಿದ್ದು ಅಗ್ಗಕ್ಕೆ ಕೊಂಡು ತಂದ. ಆಮೇಲೆ ನಾಲ್ಕು ವರ್ಷ ಹಾಡಿನ ಪ್ಲೇಟುಗಳ ಬೇಟೆ. ಮೂಡಲಗಿಯ ಸಂತೆಯಲ್ಲಿ ಒಂದು, ಒಡೆದುಹೋದ ನಾಟಕ ಕಂಪನಿಯವರಿಂದ ಐದು, ಕೊಲ್ಲಾಪುರಕ್ಕೆ ಹೋದವರ ಕೈಯಲ್ಲಿ ಹೇಳಿಕಳಿಸಿ ಎರಡು. ನಾಟಕದ ಪದ ಬೇಡ, ಲಾವಣಿ ಬೇಡ, ರಾಗದ ಪ್ಲೇಟೇ ಆಗಬೇಕು. ಹೀಗೆ ಇಪ್ಪತ್ಮೂರು ಕೂಡಿದವು. ಬಾಬಿನ್ನಿನ ಹಳೆಯ ಪೆಟ್ಟಿಗೆಯಲ್ಲಿ ಗಿರಣಿಯ ರದ್ದಿ ಹತ್ತಿಯನ್ನು ನಡುನಡುವೆ ಇಟ್ಟು ನಿಲ್ಲಿಸಿದ. ಪ್ಲೇಟಿನ ಮೇಲಿನ ಇಂಗ್ಲಿಷು ಅವನಿಗೆ ಓದಲು ಬಾರದು. ನಡುವಿನ ತೂತಿನಲ್ಲಿ ಬಣ್ಣದ ನೂಲು ಪೋಣಿಸಿ ಕಟ್ಟಿದ: ಕೆಂಪು ನೂಲಿನವು ಹೊಸದಾಗಿ ಕಲಿಯುವ ಸಣ್ಣವರಿಗೆ, ಹಸಿರಿನವು ಅವು ಬಾಯಿಗೆ ಬಂದ ಮೇಲೆ, ಕರಿಯ ನೂಲಿನವನ್ನು ಯಾರೂ ಮುಟ್ಟುವಂತಿಲ್ಲ.

ಕಲಿಯುವವರು ಗಿರಣಿಯ ಚಾಳಿನ ಆರು ಮಕ್ಕಳು, ಅವನ ತಂಗಿ ಕರೆವ್ವ ಏಳನೆಯವಳು. ಪಾಳಿ ಮುಗಿಸಿ ಬಂದವನೇ ಅವರನ್ನು ಸುತ್ತ ಕೂಡ್ರಿಸಿ ಚಾವಿ ಕೊಟ್ಟು, ಪ್ಲೇಟಿನ ಜೊತೆಗೇ ಹಾಡಿಸುತ್ತಿದ್ದ. ತವನಪ್ಪನ ಯಂತ್ರ ಮೊದಮೊದಲು ಮೈಗಳ್ಳ ಎತ್ತಿನಂತೆ ತಿರುಗುತ್ತಿತ್ತು. ಕದಿರು ನಿಧಾನವಾದರೆ ಕದಿರಿನದೇ ದೋಷ ಎಂದು ತಿಳಿದ ಕೈ ಅದು. ಬಿಚ್ಚಿದ, ಗಿರಣಿಯ ಎಣ್ಣೆ ಬಿಟ್ಟ, ವೇಗದ ತಿರುಪನ್ನು ಬಿಗಿಯುತ್ತ ಹೋದ. ಪ್ಲೇಟು ಗಿರ್ರನೆ ಓಡಿತು. ಗಂಡಸಿನ ದಪ್ಪ ದನಿ ಮೇಲೇರಿ ಮಕ್ಕಳ ಗಂಟಲಿಗೆ ಸರಿಯಾಗಿ ಬಂದು ಕೂತಿತು. ಶಿದ್ರಾಮ ತೊಡೆ ತಟ್ಟಿ, "ಈಗ ಮಶೀನ ಮಶೀನ ಆತು ನೋಡ್ರಿ" ಎಂದ.

ಕರೆವ್ವನಿಗೆ ಹನ್ನೆರಡು ತುಂಬಿತು. ತಾಯಿ ಉದ್ದವ್ವ ಗಿರಣಿಯಲ್ಲಿ ನೂಲಿನ ಲಡಿ ಕಟ್ಟುವವಳು.

"ಬರೂ ತಿಂಗಳ ಇಕಿನ್ನ ನನ್ನ ಬಾಜೂಕ ನಿಂದ್ರಸ್ತೇನಿ" ಎಂದಳು. "ಹಾಡಿದ್ರ ಹೊಟ್ಟಿ ತುಂಬತೈತೇನೋ?"

"ಹುಕ್ಕೇರಿ ಭೀಮರಾಯ ಮಾಸ್ತರ ಮನ್ಯಾಗ ಇಟಗೊಂಡ ಕಲಸ್ತಾರ ಯವ್ವಾ. ಒಮ್ಮಿ ತೋರಿಸಿ ಬರ್ತೇನಿ."

"ತೋರಸು. ಅವ್ರು ಒಲ್ಲೆ ಅಂದ್ರ ಮತ್ತ ಹಾಡಿನ ಹೆಸರ ತಗೀಬ್ಯಾಡ. ಗಿರಣಿಗೆ ಬರ್ತಾಳ, ಮುಗೀತು."

ಮರು ರವಿವಾರ ಶಿದ್ರಾಮ ತಂಗಿಯನ್ನು ಮೋಟಾರು ಹತ್ತಿಸಿದ. ಫೋನೋ, ಪ್ಲೇಟಿನ ಪೆಟ್ಟಿಗೆ ಎರಡನ್ನೂ ಹೊತ್ತಿದ್ದ. ಕಲಿಸಿದವನು ಯಾರೆಂದು ಹುಕ್ಕೇರಿಯವರಿಗೂ ಗೊತ್ತಾಗಬೇಕಲ್ಲ!

ಭೀಮರಾಯರ ಪಡಸಾಲೆಯಲ್ಲಿ ನಾಲ್ಕು ಜನ ಶಿಷ್ಯರು ಕೂತಿದ್ದರು. ಮಾಸ್ತರರು ಹಾರ್ಮೋನಿಯಮ್ ಪೇಟಿಯನ್ನು ಮುಂದೆಳೆದುಕೊಂಡು, "ಏನ ಹಾಡ್ತೀಯವಾ ತಂಗಿ?" ಎಂದರು.

"ಭೂಪ ರಾಗ ರೀ."

ಕರೆವ್ವ ಎತ್ತಿದಳು. ಮಾಸ್ತರರು ಒಂದು ಬಿಳಿ ಪಟ್ಟಿ ಒತ್ತಿದರು, ಕೂಡಲಿಲ್ಲ. ಪಕ್ಕದ ಕರಿ ಪಟ್ಟಿ ಒತ್ತಿದರು, ಅದೂ ಕೂಡಲಿಲ್ಲ. ಹುಡುಗಿಯ ಷಡ್ಜ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. "ತಡೀ, ಇಲ್ಲಿಂದ ಎತ್ತು" ಎಂದು ಬಿಳಿ ಪಟ್ಟಿ ಹಿಡಿದರು. ಅಲ್ಲಿಂದ ಎತ್ತಿದವಳು ಒಂದು ಸಾಲು ಮುಗಿಯುವಷ್ಟರಲ್ಲಿ ಜಾರಿ ಮತ್ತೆ ತನ್ನ ಸಂದಿಗೇ ಹೋದಳು. ಸ್ವರಗಳ ತಾನ ಶುರುವಾಯಿತು. ಅರ್ಧ ಹಾದಿಯಲ್ಲಿ ಬಾಯಿ ಮುಚ್ಚಿ ಸುಮ್ಮನೆ ಕೂತುಬಿಟ್ಟಳು.

"ಯಾಕ ನಿಂತಿ?"

"ಪ್ಲೇಟ ಮುಗೀತ್ರಿ. ಮಗ್ಗಲಾ ಹೊಳ್ಳಿಸಬೇಕ್ರಿ."

ಪಡಸಾಲೆ ನಕ್ಕಿತು. ಶಿಷ್ಯನೊಬ್ಬ, "ಚಾವೀನೂ ಕೊಡಬೇಕೇನ ಇಕೀಗೆ?" ಎಂದ. ಶಿದ್ರಾಮ ಚಂಗನೆ ಎದ್ದ.

"ಕುಂದರೋ" ಎಂದರು ಮಾಸ್ತರರು. ನಕ್ಕವನ ಕಡೆಗೂ ಒಮ್ಮೆ ಕಣ್ಣು ಬಿಟ್ಟರು. ಆಮೇಲೆ ಮೆತ್ತಗೆ, "ದನಿ ಚಂದ ಐತಪಾ. ಕಿವಿ ಇಲ್ಲ. ಸಾ ಹಿಡಿಯಾಕ ಬರದಾಕಿಗೆ ನಾ ಏನ ಕಲಸ್ಲಿ? ಕರಕೊಂಡ ಹೋಗು."

"ಕಿವಿ ಇಲ್ಲಂತ್ರಿ?" ಶಿದ್ರಾಮನ ದನಿ ಒಡೆಯಿತು. "ಕೇಳ್ರಿ ಇದನ್ನ! ಇಕಿ ಒಂದ ಎಳಿ ಬಿಟ್ಟಿದ್ರ ಹೇಳ್ರಿ, ನಾ ಈ ಪೆಟಗಿ ಹಳ್ಳಕ್ಕ ಒಗೀತೇನಿ!" ಎನ್ನುತ್ತಲೇ ಕೆಂಪು ನೂಲು ಬಿಚ್ಚಿ ಪ್ಲೇಟು ಹಾಕಿ, ಚಾವಿ ಕೊಟ್ಟು, ಮುಳ್ಳು ಇಳಿಸಿದ.

ಮಾಸ್ತರರು ಬಿಳಿ ಪಟ್ಟಿ ಒತ್ತಿದರು. ಕರಿ ಒತ್ತಿದರು. ಹುಬ್ಬು ಗಂಟಿಕ್ಕಿತು.

"ಪ್ಲೇಟಿನ್ಯಾಗ ಸಾಥಿಗೆ ಪೇಟಿನ ಐತಿ. ಆ ಪೇಟಿ ನನ್ನ ಪೇಟಿಗೆ ಯಾಕ ಕೂಡವಲ್ಲದು?"

ಶಿದ್ರಾಮನಿಗೆ ಥಟ್ಟನೆ ತಿಳಿಯಿತು. ದಿನಕ್ಕೆ ಹತ್ತು ತಾಸು ತಿರುಗುವುದರ ನಡುವೆ ಬದುಕುವವನಿಗೆ ಓಟದ ಸುಳಿವು ಬೇರೆಯವರು ಕೊಡಬೇಕಾಗಿರಲಿಲ್ಲ. 'ನಿಮ್ಮ ಪೇಟಿನ ಕೆಟ್ಟೈತಿ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂದಿದ್ದರೆ ಜಗಳವಾಗುತ್ತಿತ್ತು, ಜಗಳ ಅವನಿಗೆ ಸಲೀಸು. ಆದರೆ ಕರೆವ್ವ ತಲೆ ಬಗ್ಗಿಸಿ ತನ್ನ ಕಿವಿಯನ್ನೇ ಬೆರಳಿನಿಂದ ಹಿಚುಕಿಕೊಳ್ಳುತ್ತಿದ್ದಳು. ಮಾಸ್ತರರು ಹೇಳಿದ್ದನ್ನು ಅವಳು ನಂಬಿಬಿಟ್ಟಿದ್ದಳು.

ಅವನು ಬಗ್ಗಿ ತಿರುಪಿಗೆ ಕೈ ಹಾಕಿದ. ಕೂದಲೆಳೆಯಷ್ಟು ಸಡಿಲಿಸಿದ, ದನಿ ಇಳಿಯಿತು. ಇನ್ನಷ್ಟು ಸಡಿಲಿಸಿದ. ಪ್ಲೇಟಿನ ಹಾಡು ಜಾರುತ್ತ ಜಾರುತ್ತ ಬಂದು ಮಾಸ್ತರರ ಬಿಳಿ ಪಟ್ಟಿಯ ಮೇಲೆ ಸರಿಯಾಗಿ ಕೂತಿತು. ಎರಡು ಪೇಟಿಗಳು ಒಂದಾದವು. ಓಡೋಡಿ ಹಾಡುತ್ತಿದ್ದ ಗವಾಯಿ ಈಗ ದೊಡ್ಡ ಮನುಷ್ಯನಂತೆ ನಡೆಯುತ್ತಿದ್ದ.

"ತಪ್ಪ ನಂದ್ರಿ" ಎಂದ ಶಿದ್ರಾಮ. ನಕ್ಕವರೆಲ್ಲ ಅವನನ್ನೇ ನೋಡುತ್ತಿದ್ದರು. ಕಿವಿ ಸುಟ್ಟವು. "ಮಶೀನ ಓಡಿಸಿದಾಂವ ನಾ. ನಾಲ್ಕ ವರ್ಷ ಅದನ್ನ ಕೇಳ್ಯಾಳ್ರಿ ಇಕಿ. ಇಕಿದೇನೂ ತಪ್ಪಿಲ್ಲ."

ಭೀಮರಾಯರು ಫೋನೋದ ಕಡೆ ಕೈ ತೋರಿಸಿದರು. "ಮತ್ತ ಓಡಸು. ಮೊದಲ ಇದ್ದಷ್ಟ" ಎಂದರು. "ನೀ ಅದರ ಕೂಡ ಹಾಡವಾ ತಂಗಿ."

ಕರೆವ್ವ ಹಾಡಿದಳು. ಪ್ಲೇಟಿನ ದನಿ ಯಾವುದು, ಅವಳದು ಯಾವುದು ಎಂದು ಬೇರ್ಪಡಿಸಲು ಬರಲಿಲ್ಲ. ಮಾಸ್ತರರು ಪೇಟಿಯ ಗಾಳಿ ಊದುವ ಭಾತೆ ಮುಚ್ಚಿದರು.

"ಸುಳ್ಳ ಸೂರನ್ನ ಇಷ್ಟ ಖರೆ ಹಿಡದಾಳಲ್ಲೋ! ಕಿವಿ ಇಲ್ಲ ಅಂದದ್ದು ನನ್ನ ತಪ್ಪಾತು. ಇರ್ಲಿ ಇಕಿ ಇಲ್ಲೇ. ಆದ್ರ ಒಂದ ವರ್ಷ ಬರೇ ಸಾ. ಈ ಮಶೀನಿನ ಸಪ್ಪಳ ಇಕಿ ಕಿವ್ಯಾಗ ಬೀಳಬಾರದು."

"ಒಂದ ವರ್ಷಾನ್ರಿ?"

"ಹೌದು. ನಿನಗಲ್ಲ, ಆಕೀಗೆ. ನೀ ಯಾಕ ಒದ್ದ್ಯಾಡತಿ?"

ತಿರುಗಿ ಬರುವಾಗ ಕರೆವ್ವ ಕೂತಿದ್ದ ಪಕ್ಕದ ಜಾಗದಲ್ಲಿ ಪ್ಲೇಟಿನ ಪೆಟ್ಟಿಗೆ ಕೂತಿತ್ತು. ಮೋಟಾರಿನ ಡ್ರೈವರನ ಮೇಲೆ, ಎದುರಿಗೆ ಬಂದ ಎತ್ತಿನ ಗಾಡಿಗಳ ಮೇಲೆ, ಅಡ್ಡ ನಿಂತ ಎಮ್ಮೆಯ ಮೇಲೆ ಹರಿಹಾಯ್ದ. ಚಾಳಿನ ಬಾಗಿಲಲ್ಲಿ ಆರು ಮಕ್ಕಳು ಕಾದಿದ್ದವು.

"ತಗೊಂಡ್ರ ಅಣ್ಣಾ?" ಎಂದ ಎಂಟರ ಕೆಂಚಪ್ಪ.

"ತಗೊಂಡ್ರು."

ಮಕ್ಕಳು ಕುಣಿದವು. ಒಳಗಿನಿಂದ ಉದ್ದವ್ವ, "ಖರೇನೇನೋ?" ಎನ್ನುತ್ತ ಹಿಟ್ಟಿನ ಕೈಯಲ್ಲೇ ಬಂದಳು. ಶಿದ್ರಾಮ ಹೂಂಗುಟ್ಟಿದ, ಪೆಟ್ಟಿಗೆ ಇಳಿಸಿದ.

"ಕುಂದರ್ರಿ ಎಲ್ಲಾರೂ. ನಾ ನಿಮಗ ತಪ್ಪ ಕಲಿಸೇನಿ."

ಮಕ್ಕಳು ಕೂತವು. ಅವನು ಮಾಸ್ತರರ ಪೇಟಿಗೆ ಕೂಡಿದ ಜಾಗದಲ್ಲಿ ಮುಳ್ಳಿನಿಂದ ಗೀರಿದ್ದ ಗುರುತಿಗೆ ತಿರುಪು ತಂದು, ಪ್ಲೇಟು ಹಚ್ಚಿದ. ಗವಾಯಿಯ ದನಿ ದಪ್ಪವಾಗಿ, ನಿಧಾನವಾಗಿ ಬಂತು.

"ಅಣ್ಣಾ, ಇಂವಗ ಜ್ವರಾ ಬಂದಾವೇನು?" ಕೆಂಚಪ್ಪ ಕೇಳಿದ.

"ಇಂವಾ ಹಾಡಿದ್ದ ಹಿಂಗ."

"ಹಂಗಾರ ನಾವು?"

"ಮೊದಲಿಂದ."

ಮಕ್ಕಳು ಎತ್ತಿದವು, ಎರಡೇ ಸಾಲಿಗೆ ಹಳೆಯ ದನಿಗೆ ಏರಿ ಓಡಿದವು. ಶಿದ್ರಾಮ ಮುಳ್ಳು ಎತ್ತಿದ. ಬಾಯಿಗೆ ಬಂದ ಬೈಗಳು ನುಂಗಿದ.

"ಮತ್ತ ಮೊದಲಿಂದ."