ಮೊದಲ ಬೊಗಸೆ

ಕಂಪ್ಲಿಯ ಅಕ್ಕಿ ಮಿಲ್ಲಿನ ಸಾಹುಕಾರ ತೋಟಪ್ಪನವರಿಗೆ ಎಲ್ಲವೂ ಇತ್ತು, ಸಮಾಜಸೇವೆಯೊಂದು ಬಿಟ್ಟು. ಮದರಾಸಿನ ಅಸೆಂಬ್ಲಿಗೆ ಚುನಾವಣೆ ಬರಲಿದ್ದ ಕಾಲ. ಟಿಕೀಟು ಹಂಚುವ ಬಳ್ಳಾರಿಯ ವಕೀಲರು ಹೇಳಿಕಳಿಸಿದ್ದರು: ಜಾತಿ ಸರಿಯಿದೆ, ಆಸ್ತಿ ಸರಿಯಿದೆ, ಖಾದಿಯೂ ಸರಿಯಿದೆ. ಸೇವೆ ಏನು ಮಾಡಿದ್ದೀರಿ? ಬರುವ ಸೋಮವಾರ ಬಂದು ಕಣ್ಣಾರೆ ನೋಡುತ್ತೇನೆ.

ತೋಟಪ್ಪನವರು ಗುಮಾಸ್ತ ಕೊಟ್ರಯ್ಯನನ್ನು ಕರೆದರು.

"ಕೊಟ್ರಯ್ಯ, ನಾನು ಏನ್ ಸೇವಾ ಮಾಡೀನಿ?"

ಕೊಟ್ರಯ್ಯ ಲೆಕ್ಕದ ಪುಸ್ತಕ ತಿರುವಿ ಹಾಕಿದ. "ತಾಲ್ಲೂಕು ಬೋರ್ಡಿನಾಗ ಕುಂತೀರಲ್ರಿ."

"ಕುಂತಿದ್ದು ಸೇವಾ ಏನಲೇ?"

"ಒಮ್ಮೆರ ಎದ್ದು ಮಾತಾಡಿದ್ರ ಬರೀಬೌದಿತ್ರಿ. ಕಲೆಕ್ಟರ್ ದೊರಿ ಬಂದಾಗ ಹಾರ ಹಾಕೀರಿ..."

"ಅದನ್ನ ಬಾಯಿ ಬಿಡಬ್ಯಾಡ. ಈಗ ಖಾದಿ ಹಾಕ್ಕೊಂಡೀನಿ."

"ಹರಿಜನ ಸೇವಾ ಒಂದು ಇದ್ರ ಭಾಳ ಚೊಲೋ ಇತ್ರಿ. ಮಿಲ್ಲಿನ ಹಿಂದ ಕೇರಿಯಾಗ ಒಂದು ಹೊಸಾ ಬಾವಿ ಆಗೇತಿ."

"ಯಾರು ತೋಡಿದ್ದು?"

"ಅವರ ತೋಡ್ಕೊಂಡಾರ್ರಿ."

"ಅದರ ಮ್ಯಾಲೆ ಯಾರ ಹೆಸರೈತಿ?"

"ಯಾರದೂ ಇಲ್ರಿ."

ತೋಟಪ್ಪನವರ ಮುಖ ಅರಳಿತು. ಹೆಸರಿಲ್ಲದ ವಸ್ತುವೊಂದು ಈ ಊರಿನಲ್ಲಿ ಇನ್ನೂ ಉಳಿದಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಬಾವಿಗೆ ಕಾರಣ ತೋಟಪ್ಪನವರೇ, ಒಂದು ಲೆಕ್ಕದಲ್ಲಿ. ಭತ್ತ ನೆನೆಸಿದ ನಾತದ ನೀರನ್ನು ಮಿಲ್ಲು ಕಾಲುವೆಗೆ ಬಿಡುತ್ತಿತ್ತು, ಅದರ ಕೆಳಗೇ ಕೇರಿಯವರು ಕೊಡ ತುಂಬಬೇಕಿತ್ತು. ಊರ ಬಾವಿ ಅವರು ಮುಟ್ಟುವಂತಿರಲಿಲ್ಲ. ಮಕ್ಕಳಿಗೆ ಭೇದಿ ಹಿಡಿದ ಮೇಲೆ ಅಲ್ಲಿನ ಕೂಲಿ ಹೆಂಗಸು ಗಾಳೆಮ್ಮ ಕೇರಿಯಂಚಿನ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಪರಂಪೋಕು ನೆಲದಲ್ಲಿ ಗುದ್ದಲಿ ಹಾಕಿದಳು. ಹೊಲದ ಕೂಲಿ ಮುಗಿಸಿ ಬಂದವರೆಲ್ಲ ಸೇರಿ ಬೇಸಿಗೆ ಪೂರ್ತಿ ಬಂಡೆ ಒಡೆದರು. ಗಾಳೆಮ್ಮನ ಗಂಡ ಹೊನ್ನೂರಸ್ವಾಮಿಯ ಪಾದದ ಮೇಲೆ ಕಲ್ಲು ಬಿದ್ದು, ಅವನು ಈಗಲೂ ಕುಂಟುತ್ತಿದ್ದ. ನೀರೇನೋ ಬಂದಿತ್ತು. ರಾಡಿ ಇಳಿಯಲೆಂದು ಕಾಯುತ್ತಿದ್ದರು, ಇನ್ನೂ ಯಾರೂ ಬಾಯಿಗೆ ಹಾಕಿರಲಿಲ್ಲ.

ಶನಿವಾರ ಎತ್ತಿನ ಬಂಡಿಯಲ್ಲಿ ಒಂದು ಚಪ್ಪಡಿ ಕಲ್ಲು ಬಂತು. ಆಳುಗಳು ಅದನ್ನು ಬಾವಿಯ ತಲೆಗೆ ನೆಟ್ಟರು. ಕೊಟ್ರಯ್ಯನೇ ಗಟ್ಟಿಯಾಗಿ ಓದಿದ: "ದೀನಬಂಧು ಸಾಹುಕಾರ ತೋಟಪ್ಪನವರು ಹರಿಜನರ ಸೇವಾರ್ಥವಾಗಿ ತೋಡಿಸಿದ ಬಾವಿ."

"ಇನ್ನೊಂದು ಸಲ ಓದ್ರಿ," ಎಂದಳು ಗಾಳೆಮ್ಮ.

ಓದಿದ.

"ನನ್ನ ಗಂಡನ ಕಾಲು ಎಲ್ಲಿ ಬರಿಸೀರಿ?"

"ಬಾಯಿ ಭಾಳ ಆತು ನಿಂದು. ಸೋಮವಾರ ದೊಡ್ಡವರು ಬರ್ತಾರ, ಕೈ ಮುಗಿದು ನಿಂದರ್ರಿ," ಎಂದ ಕೊಟ್ರಯ್ಯ. ಹೋಗುವ ಮುನ್ನ ಬಾವಿಯಿಂದ ಮಿಲ್ಲಿನ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದುಕೊಂಡ. ಕಾಲುವೆ ನಿಲ್ಲಿಸಿದ ದಿನಗಳಲ್ಲಿ ಮಿಲ್ಲಿಗೆ ನೀರಿರುತ್ತಿರಲಿಲ್ಲ, ಕೊಳವೆ ಎಷ್ಟುದ್ದ ಬೇಕೆಂಬ ಲೆಕ್ಕ.

ಕೇರಿಯ ಹಿರಿಯ ಅಂಜಿನಯ್ಯ ಕಲ್ಲನ್ನೇ ನೋಡುತ್ತ ಕುಳಿತ. "ನಮ್ಮ ಕಣದಾಗೂ ಹಿಂಗ ಒಂದು ಕಲ್ಲು ನೆಟ್ಟಿದ್ರು, ಸಾಹುಕಾರ್ರು ದನಕ್ಕ ನೀರು ಕುಡಿಯೋ ದೋಣಿ ಕಟ್ಟಿಸ್ಯಾರಂತ. ಈಗ ಅಲ್ಲಿ ಮಿಲ್ಲಿನೋರು ಭತ್ತ ಹರವ್ತಾರ. ನಮ್ಮ ದನ ಹೋದ್ರ ಸರ್ಕಾರಿ ದೊಡ್ಡಿಗೆ ಹೊಡೀತಾರ."

"ಕಿತ್ತೊಗಿಯೋಣ," ಎಂದ ಹೊನ್ನೂರಸ್ವಾಮಿ.

"ಕಿತ್ರ ಪೋಲೀಸ್ನೋರು ಬರ್ತಾರ. ಆ ಸಾಹುಕಾರನ ಬಾಯಿಲೇ ನಿಜ ಅನ್ನಿಸಬೇಕು," ಎಂದಳು ಗಾಳೆಮ್ಮ. ಆಮೇಲೆ ಕೇಳಿದಳು: "ಯಜ್ಜಾ, ಇವರಪ್ಪ ಮಠದ ಮುಂದ ಬಾವಿ ತೋಡಿಸಿದಾಗ ಮೊದಲ ನೀರು ಯಾರು ಕುಡಿದಿದ್ರು?"

"ಅವರಪ್ಪನ. ತೋಡಿಸಿದವರ ಮೊದಲ ಬೊಗಸಿ ಕುಡೀಬೇಕಲ್ಲ. ಇಲ್ಲಂದ್ರ ನೀರು ಒಗ್ಗೂದಿಲ್ಲ. ಮಣ್ಣು ಹೊರಾಕ ನಾನೂ ಹೋಗಿದ್ದೆ, ದೂರ ನಿಂತು ನೋಡೀನಿ."

ಗಾಳೆಮ್ಮ ಒಳಗೆ ಹೋಗಿ ಹೊಸ ಕೊಡವೊಂದನ್ನು ತೊಳೆದಿಟ್ಟಳು.

ಸೋಮವಾರ ವಕೀಲರು ಮೋಟಾರಿನಲ್ಲಿ ಬಂದರು. ಹಿಂದೆ ಊರಿಗೆ ಊರೇ ಬಂತು. ಕೇರಿಯೊಳಗೆ ಕಾಲಿಡದೆ ಮಿಲ್ಲಿನ ಗೋಡೆಗುಂಟ ನಿಂತಿತು. ತೋಟಪ್ಪನವರ ಮಗಳನ್ನು ಸೊಸೆಯಾಗಿ ತಂದುಕೊಳ್ಳಲಿದ್ದ ಮರಿಯಮ್ಮನಹಳ್ಳಿಯ ಬೀಗರು ವಿರೂಪಾಕ್ಷಪ್ಪನವರೂ ಎಲೆ ಅಡಿಕೆ ಮೆಲ್ಲುತ್ತ ಅಲ್ಲಿದ್ದರು.

ವಕೀಲರು ಕಲ್ಲಿನ ಬರಹ ಓದಿ ಕಣ್ಣು ತೇವ ಮಾಡಿಕೊಂಡರು. ತೇವ ಮಾಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ತೋಟಪ್ಪನವರು ಕೈ ಮುಗಿದು, "ಏನೋ ನಮ್ಮ ಕೈಲಾದ ಸೇವಾ," ಎಂದರು.

ಗಾಳೆಮ್ಮ ಹೊಸ ಕೊಡ ಇಳಿಬಿಟ್ಟು ನೀರು ಸೇದಿದಳು. ತಿಳಿ ನೀರು. ಕೊಡ ಹಿಡಿದು ಎದುರಿಗೆ ಬಂದು ನಿಂತಳು.

"ಬೊಗಸಿ ಒಡ್ರಿ, ಧಣೇರ. ತೋಡಿಸಿದವರು ನೀವು. ನೀವು ಕುಡಿದ ಮ್ಯಾಲೆ ನಮ್ಮ ಮಕ್ಕಳು ಕುಡೀತಾವ."

ಗೋಡೆಗುಂಟ ಎಲ್ಲರ ಕತ್ತು ತೋಟಪ್ಪನವರ ಕಡೆ ತಿರುಗಿತು. ವಿರೂಪಾಕ್ಷಪ್ಪನವರ ಬಾಯಿ ಎಲೆ ಮೆಲ್ಲುವುದನ್ನು ಮರೆಯಿತು.

"ಎಂಥ ಸುಂದರ ಪದ್ಧತಿ!" ಎಂದರು ವಕೀಲರು. "ಕುಡಿಯಿರಿ ತೋಟಪ್ಪನವರೆ."

"ಇವತ್ತ... ಪೂಜಿ ಆಗಿಲ್ಲ," ಎಂದರು ತೋಟಪ್ಪನವರು.

"ಮಾಡ್ಕೊಂಡು ಬರ್ರಿ. ಬೇಸಿಗಿ ಪೂರ್ತಿ ಕಾದೀವಿ, ಒಂದು ಪೂಜಿಗೆ ಕಾಯಂಗಿಲ್ಲೇನು?"

"ನೆಗಡಿ ಆಗೇತಿ."

"ಒಂದು ಬೊಗಸಿ ಸಾಕ್ರಿ. ಕಾಯಿಸಿ ಕೊಡ್ಲೇನು? ನಮ್ಮ ಒಲಿ ಹೊತ್ತೇ ಐತಿ."

ಅವರ ಒಲೆಯ ಮಾತು ಕೇಳಿ ತೋಟಪ್ಪನವರಿಗೆ ನಿಜವಾಗಿಯೂ ಮೈ ಬಿಸಿಯಾಯಿತು. "ಕೊಟ್ರಯ್ಯ ಕುಡೀತಾನ, ನನ್ನ ಪರವಾಗಿ."

ಕೊಟ್ರಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಮನಿಯಾಗೂ ಮದುವಿಗೆ ಬಂದ ಹುಡುಗಿ ಅದಾಳ್ರಿ, ಧಣೇರ!"

"ಗುಮಾಸ್ತ್ರು ಕುಡಿದ್ರ ಬಾವಿ ಗುಮಾಸ್ತ್ರದ ಆಕ್ಕೈತಿ," ಎಂದಳು ಗಾಳೆಮ್ಮ. "ಈ ವಕೀಲ ಸಾಹೇಬರ ಕುಡೀಲಿ ಹಂಗಾರ."

ವಕೀಲರು ಗಾಬರಿಯಿಂದ ಬಗಲಲ್ಲಿದ್ದ ಥರ್ಮಾಸ್ ತಟ್ಟಿ ತೋರಿಸಿದರು. ಡಾಕ್ಟರು ಅವರಿಗೆ ಮನೆಯ ನೀರು ಮಾತ್ರ ಹೇಳಿದ್ದರಂತೆ.

ಕೊಡದ ಅಂಚಿನಿಂದ ಒಂದು ಹನಿ ತೋಟಪ್ಪನವರ ಖಾದಿಯ ಮೇಲೆ ಬಿತ್ತು. ಗೋಡೆಯ ಕಡೆಯಿಂದ ವಿರೂಪಾಕ್ಷಪ್ಪನವರು ಕೆಮ್ಮಿದರು. ಬರೀ ಕೆಮ್ಮು. ಅಷ್ಟಕ್ಕೇ ತೋಟಪ್ಪನವರು ಹಾವು ತುಳಿದವರಂತೆ ಜಿಗಿದರು.

"ನಾನು ತೋಡಿಸಿಲ್ಲ!"

"ಏನಂದ್ರಿ?"

"ಈ ಬಾವಿ ನಾನು ತೋಡಿಸಿಲ್ಲ!"

"ಗ್ವಾಡಿ ಕಡಿಯವರಿಗೆ ಕೇಳಿಸಲಿಲ್ಲಂತ, ಧಣೇರ."

"ನನ್ನದಲ್ಲ! ಇವರ ತೋಡ್ಯಾರ, ಇವರದ ಬಾವಿ, ಇವರದ ನೀರು! ನನಗೂ ಇದಕ್ಕೂ ಸಂಬಂಧ ಇಲ್ಲ!"

ಊರ ಲೆಕ್ಕ ಬರೆಯುವ ಕರಣಂ, ಊರ ಗೌಡ, ಬೀಗರು, ಇಡೀ ಊರು ಕೇಳಿತು. ಗಾಳೆಮ್ಮ ತಿರುಗಿ ಅಂಜಿನಯ್ಯನ ಬೊಗಸೆಗೆ ನೀರು ಹೊಯ್ದಳು. ಮುದುಕ ಕುಡಿದು, ಉಳಿದ ತೇವವನ್ನು ತಲೆಗೆ ಸವರಿಕೊಂಡ. ಹೊನ್ನೂರಸ್ವಾಮಿ ಕುಂಟುತ್ತ ಹೋಗಿ ಹಾರೆ ತಂದ. ತೋಟಪ್ಪನವರ ಎದುರಿಗೇ ಕಲ್ಲು ಕಿತ್ತ. ಅವರು ಖಾದಿಯ ಮೇಲಿನ ಹನಿ ಒರೆಸಿಕೊಳ್ಳುತ್ತಿದ್ದರು.

ಟಿಕೀಟು ಹೋಯಿತೆಂದು ಅವರು ಮೋಟಾರಿನ ಪಕ್ಕ ತಲೆ ತಗ್ಗಿಸಿ ನಿಂತಾಗ ವಕೀಲರು ಅವರ ಎರಡೂ ಕೈ ಹಿಡಿದುಕೊಂಡರು. "ಇಂಥ ನಿರಹಂಕಾರ ನಾನು ಕಂಡಿಲ್ಲ! ಮಾಡಿದ್ದನ್ನು ಮಾಡಿಲ್ಲವೆನ್ನುವವರು ಈ ಕಾಲದಲ್ಲಿ ಎಲ್ಲಿದ್ದಾರೆ?"

ತೋಟಪ್ಪನವರು ಅದನ್ನು ಮಾತ್ರ ಅಲ್ಲಗಳೆಯಲಿಲ್ಲ.

ಚುನಾವಣೆಯ ಕರಪತ್ರದಲ್ಲಿ ಕೊಟ್ರಯ್ಯ ಬರೆದ: "ತಾವೇ ತೋಡಿಸಿದ ಬಾವಿಯನ್ನು ಬಡವರ ಹೆಸರಿಗೆ ಬಿಟ್ಟುಕೊಟ್ಟ ತ್ಯಾಗಮೂರ್ತಿ." ಹೊಸಪೇಟೆಯಿಂದ ಸಂಡೂರಿನ ಗಡಿಯವರೆಗೆ ಅದನ್ನು ಹಂಚಿದರು. ಕಂದಾಯ ಕಟ್ಟುವವರಿಗೆ, ಓದು ಬಲ್ಲವರಿಗೆ ಓಟಿತ್ತು. ಕೇರಿಯವರಿಗೆ ನೆಲ ಕೊಟ್ಟಿರಲಿಲ್ಲ, ಶಾಲೆಯೊಳಗೆ ಬಿಟ್ಟಿರಲಿಲ್ಲ, ಆದ್ದರಿಂದ ಸುಳ್ಳು ಎನ್ನಲು ಓಟೂ ಇರಲಿಲ್ಲ. ತೋಟಪ್ಪನವರು ಗೆದ್ದು ಮದರಾಸಿನ ರೈಲು ಹತ್ತಿದರು.

ಕಲ್ಲನ್ನು ಗಾಳೆಮ್ಮ ಬಾವಿಯ ಪಕ್ಕ ಮಲಗಿಸಿದ್ದಾಳೆ, ಬರಹ ಮೇಲಾಗಿ. ಕೆತ್ತಿದ ಅಕ್ಷರದ ತರಿಗೆ ಬಟ್ಟೆಯ ಕೊಳೆ ಚೆನ್ನಾಗಿ ಬಿಡುತ್ತದೆ. "ದೀನಬಂಧು" ಇರುವ ಕಡೆ ಒಗೆಯಲು ಹೆಂಗಸರು ಈಗಲೂ ಜಗಳಾಡುತ್ತಾರೆ.