ಬಾಲ ಹೊರಡುವ ಜಾಗ

ವರ್ಲಿನ್ ಸ್ಟ್ರೌಡ್ ನನಗೆ ಜೋಡಿ ಅಂತ ಕೊಟ್ಟ ಗೋಸುಂಬೆಗಳು ಎರಡೂ ಹೆಣ್ಣು ಎಂದು ಮೊದಲು ಹೇಳಿದವಳು ನಮ್ಮಮ್ಮ. ಅದೂ ಚಹಾದ ಲೋಟ ಹಿಡಿದು ಪಕ್ಕದಲ್ಲಿ ಹಾದುಹೋಗುತ್ತಾ, ನಿಲ್ಲದೆ.

ಆಗ ನಾನು ಅಮೆರಿಕದ ಮಿಸೌರಿಯ ನಮ್ಮೂರ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದೆ. ನಲವತ್ತೆಂಟು ವಯಸ್ಸು, ಮದುವೆಯಾಗಿರಲಿಲ್ಲ, ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ೧೯೯೯ರ ಚಳಿಗಾಲದಲ್ಲಿ ಒಂದು ಗಾಜಿನ ಪೆಟ್ಟಿಗೆಗೆ ಮಣ್ಣು, ಓಕ್ ಮರದ ಒಣ ಎಲೆ, ಒಂದೆರಡು ಗಿಡ ಹಾಕಿ ಪಿಗ್ಮಿ ಗೋಸುಂಬೆಗಳನ್ನು ಸಾಕತೊಡಗಿದ್ದೆ. ಹೆಬ್ಬೆರಳುದ್ದದ ಪ್ರಾಣಿ. ಕಂದು ಎಲೆಯೊಂದಕ್ಕೆ ಕಣ್ಣು ಬಂದರೆ ಹೇಗೋ ಹಾಗೆ. ಮೂರು ತಿಂಗಳು ಕಾದರೂ ಮೊಟ್ಟೆ ಕಾಣಲಿಲ್ಲ.

"ಎರಡೂ ಹೇಂಟೆ ಕಣೇ ಜೋನಿ. ಇನ್ನೆಲ್ಲಿಂದ ಬರುತ್ತೆ ಮೊಟ್ಟೆ?" ಅಂದಳು ಅಮ್ಮ.

ಬೇರೆ ಯಾರಾದರೂ ಅಂದಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಟೊಮಿಯೆ ಕುರಶಿಗೆ ಎಂಬ ಅಮ್ಮನ ಹೆಸರು ನಮ್ಮ ಸುತ್ತಿನ ಕೋಳಿಮರಿ ಕೇಂದ್ರಗಳಲ್ಲಿ ಗೊತ್ತಿಲ್ಲದವರಿಲ್ಲ. ಜಪಾನಿನೊಡನೆ ಯುದ್ಧ ನಡೆದಾಗ ಇಲ್ಲಿದ್ದ ನಮ್ಮ ಜಪಾನಿ ಜನರನ್ನೆಲ್ಲ ಮುಳ್ಳುತಂತಿಯ ಹಿಂದೆ ಇಟ್ಟಿದ್ದರಲ್ಲ, ಅಲ್ಲಿಂದ ಹೊರಬಿದ್ದವಳೇ ಆಗತಾನೆ ಹುಟ್ಟಿದ ಮರಿಗಳಲ್ಲಿ ಹುಂಜ-ಹೇಂಟೆ ಬೇರೆಮಾಡುವ ವಿದ್ಯೆ ಕಲಿತಳು. ಮೂವತ್ತೊಂಬತ್ತು ವರ್ಷ ಅದೇ ಕೆಲಸ. ಗಂಟೆಗೆ ಸಾವಿರ ಮರಿ, ನೂರಕ್ಕೆ ಎರಡೂ ತಪ್ಪುತ್ತಿರಲಿಲ್ಲ. ನನಗೆ ಹತ್ತೊಂಬತ್ತಾದಾಗ ನನ್ನನ್ನೂ ದೀಪದ ಕೆಳಗೆ ಕೂರಿಸಿದ್ದಳು. ಆರು ವಾರ ಕಳೆದರೂ ನನ್ನ ಲೆಕ್ಕ ನೂರಕ್ಕೆ ಎಪ್ಪತ್ತು ದಾಟಲಿಲ್ಲ. ಅಮ್ಮ ಬಯ್ಯಲಿಲ್ಲ. ನನ್ನ ಕುರ್ಚಿಯನ್ನು ಎತ್ತಿ ಒಳಗಿಟ್ಟಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೇನೆ.

ಭಾನುವಾರ ಗೋಸುಂಬೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ವರ್ಲಿನ್ ಮನೆಗೆ ಹೋದೆವು. ವರ್ಲಿನ್ ರೈಲ್ವೆಯಿಂದ ನಿವೃತ್ತನಾದವನು. ಹನ್ನೊಂದು ವರ್ಷದಿಂದ ನೆಲಮಾಳಿಗೆಯಲ್ಲಿ ಈ ಗೋಸುಂಬೆಗಳ ಸಂಸಾರ ನಡೆಸುತ್ತಿದ್ದ. ಮೋಸಗಾರನಲ್ಲ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದ, ಕಿವಿ ಕೆಂಪಾಯಿತು. ತೀರಾ ಎಳೆಯವಿದ್ದಾಗ ಕೊಟ್ಟುಬಿಟ್ಟೆ, ತಪ್ಪಾಯಿತು ಅಂತ ಒಪ್ಪಿಕೊಂಡ. ನಾಲ್ಕು ತಿಂಗಳು ತುಂಬುವ ಮೊದಲು ಇವುಗಳಲ್ಲಿ ಗಂಡು-ಹೆಣ್ಣು ಹೇಳುವುದು ಯಾರಿಂದಲೂ ಆಗುವುದಿಲ್ಲ ಅಂತಲೂ ಸೇರಿಸಿದ.

"ನಿನ್ನಿಂದ ಆಗಲ್ಲ ಅನ್ನು, ಒಪ್ತೀನಿ," ಅಂದಳು ಅಮ್ಮ. "ಯಾರಿಂದ್ಲೂ ಆಗಲ್ಲ ಅನ್ನೋಕೆ ನೀನು ಎಲ್ಲರನ್ನೂ ಕೇಳ್ಕೊಂಡು ಬಂದಿದ್ದೀಯಾ?"

ವರ್ಲಿನ್ ನಕ್ಕ. ಒಳಗಿನ ಕೋಣೆಗೆ ಕರೆದೊಯ್ದು ಮೂವತ್ತೊಂದು ಸಣ್ಣ ಡಬ್ಬಿಗಳ ಸಾಲು ತೋರಿಸಿದ. ಒಂದೊಂದರಲ್ಲೂ ಆರು ವಾರದ ಒಂದೊಂದು ಮರಿ, ಹೊರಗೆ ನಂಬರು. ಹೇಳಿ ಹಾಗಾದರೆ, ಅಂದ.

ಅಮ್ಮ ಒಂದನ್ನೆತ್ತಿಕೊಂಡು ಹಳೇ ಅಭ್ಯಾಸದಲ್ಲಿ ಹೆಬ್ಬೆರಳು ಹೊಟ್ಟೆಯ ಕಡೆ ಸರಿಸಿದಳು. ನಾನು ಅವಳ ಮಣಿಕಟ್ಟು ಹಿಡಿದುಬಿಟ್ಟೆ. ಕೋಳಿಮರಿಯ ಹಾಗೆ ಇದನ್ನು ಒತ್ತುವಂತಿಲ್ಲ ಅಂದೆ. ಅಷ್ಟರಲ್ಲಿ ಮರಿ ಹೆದರಿ, ಕೀಲಿ ಕೊಟ್ಟ ಗಡಿಯಾರದ ಹಾಗೆ ಅವಳ ಅಂಗೈಯಲ್ಲಿ ಗುರ್ರ್ ಎಂದು ನಡುಗಿತು. ನನ್ನಿಂದ ಕೈ ಹಿಡಿಸಿಕೊಂಡು ಅಮ್ಮನಿಗೆ ರೂಢಿಯಿರಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮರಿಯನ್ನು ಮೆತ್ತಗೆ ಎಲೆಯ ಮೇಲೆ ಬಿಟ್ಟು, "ಸರಿ, ಮುಟ್ಟಲ್ಲ. ನೋಡ್ತೀನಿ," ಅಂದಳು.

ಆ ದಿನ ಏನೂ ಹೇಳಲಿಲ್ಲ. ಬೆಳೆದ ಗೋಸುಂಬೆಗಳನ್ನು ಮೊದಲು ತೋರಿಸಬೇಕೆಂದು ಹಟ ಹಿಡಿದಳು. ವರ್ಲಿನ್ ಬಳಿ ನಲವತ್ತಕ್ಕಿಂತ ಹೆಚ್ಚು ಇದ್ದವು. ಮರುದಿನದಿಂದ ಆ ವಾರವೆಲ್ಲ, ನಾನು ಕೆಲಸ ಮುಗಿಸಿ ಬಂದ ಮೇಲೆ ಅಮ್ಮನ ಹಳೇ ದೀಪ, ಭೂತಗನ್ನಡಿ, ಅನ್ನದ ಉಂಡೆ ಕಟ್ಟಿಕೊಂಡು ಇಬ್ಬರೂ ಅಲ್ಲಿ ಹೋಗಿ ಕೂತೆವು. ವರ್ಲಿನ್ ಎಲ್ಲರೂ ಹೇಳುವ ಮಾತನ್ನೇ ಹೇಳಿದ: ಗಂಡಿನ ಬಾಲ ಉದ್ದ, ಹೆಣ್ಣಿನದು ಮೋಟು, ಹೆಣ್ಣಿನ ಹೊಟ್ಟೆ ದುಂಡಗೆ. ಅಮ್ಮನಿಗೆ ಅದು ಸಾಲಲಿಲ್ಲ. ಉದ್ದ ಅಂದರೆ ಯಾವುದಕ್ಕಿಂತ, ಹೊಟ್ಟೆ ತುಂಬಾ ತಿಂದ ಗಂಡೂ ದುಂಡಗೇ ಇರುತ್ತಲ್ಲ ಅಂದಳು.

"ಬಾಲದ ತುದಿ ಬಿಡು," ಅಂದಳು ನನಗೆ. "ಹೊರಡೋ ಜಾಗ ನೋಡು. ಗಂಡಿಂದು ಹೊರಟ ಮೇಲೂ ಸ್ವಲ್ಪ ದೂರ ದಪ್ಪಕ್ಕೇ ಹೋಗುತ್ತೆ, ಆಮೇಲೆ ಸಣ್ಣಗಾಗುತ್ತೆ. ಹೆಣ್ಣಿಂದು ಹೊರಟ ತಕ್ಷಣ ದಪ್ಪ ಬಿಟ್ಟು ಸಣ್ಣಗಾಗಿಬಿಡುತ್ತೆ."

ನೋಡಿದೆ. ಮೂರನೆಯ ಸಂಜೆಯವರೆಗೂ ನನಗೆ ಬಾಲ ಬಾಲವಾಗಿಯೇ ಕಂಡಿತು. ನಾಲ್ಕನೆಯ ಸಂಜೆ ಒಂದು ಹೆಣ್ಣು ಕಡ್ಡಿ ಹತ್ತುತ್ತಾ ನನ್ನ ಕಡೆ ಬೆನ್ನು ತಿರುಗಿಸಿತು, ಅಮ್ಮ ಹೇಳಿದ್ದು ತಟ್ಟನೆ ಕಂಡಿತು. ಆಮೇಲೆ ಎಲ್ಲದರಲ್ಲೂ ಅದೇ ಕಾಣಿಸತೊಡಗಿತು.

ಶನಿವಾರ ಮೂವತ್ತೊಂದು ಮರಿಗಳ ಸಾಲಿಗೆ ಬಂದೆವು. ಅಮ್ಮ ನನಗೊಂದು ಹಾಳೆ ಕೊಟ್ಟು, ಬಾಯಿ ಬಿಡಬೇಡ, ಬರಿ ಅಂದಳು. ವರ್ಲಿನ್‌ಗೂ ಒಂದು ಕೊಟ್ಟಳು. ಅಕ್ಕಿಕಾಳಿನಷ್ಟು ಬಾಲದಲ್ಲಿ ವ್ಯತ್ಯಾಸ ಹುಡುಕುವುದೆಂದರೆ ಕಣ್ಣಲ್ಲಿ ನೀರು ಬರುವ ಕೆಲಸ. ಮೂರು ಹಾಳೆಗಳನ್ನೂ ಲಕೋಟೆಗೆ ಹಾಕಿ ಅಂಟಿಸಿ ವರ್ಲಿನ್‌ನ ಹೆಂಡತಿಯ ಅಡುಗೆಮನೆ ಕಪಾಟಿನಲ್ಲಿಟ್ಟೆವು.

ಹತ್ತು ವಾರ ಕಳೆಯಿತು. ಎರಡು ಮರಿ ಸತ್ತವು, ಇಪ್ಪತ್ತೊಂಬತ್ತು ಉಳಿದವು. ಅಷ್ಟು ಹೊತ್ತಿಗೆ ಯಾರು ಬೇಕಾದರೂ ಹೇಳುವಷ್ಟು ಗುರುತು ಮೂಡಿತ್ತು. ವರ್ಲಿನ್ ಒಂದೊಂದೇ ಎತ್ತಿ ಕೂಗಿದ, ಅವನ ಹೆಂಡತಿ ಹಾಳೆಗಳಲ್ಲಿ ಗುರುತು ಹಾಕಿದಳು. ಅವನಿಗೆ ಸರಿ ಬಂದದ್ದು ಹದಿನೆಂಟು. ಅಮ್ಮನಿಗೆ ಇಪ್ಪತ್ತಾರು. ನನಗೆ ಇಪ್ಪತ್ತನಾಲ್ಕು.

ವರ್ಲಿನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಹನ್ನೊಂದು ವರ್ಷ ನಾನು ಬರೀ ತುದಿಯನ್ನೇ ನೋಡುತ್ತಾ ಕೂತಿದ್ದೆ ಅಂದ. ಅಮ್ಮ ಅವನ ಕಡೆ ತಿರುಗಲೇ ಇಲ್ಲ. ತಪ್ಪಾದ ಮೂರು ಡಬ್ಬಿಗಳನ್ನು ತರಿಸಿಕೊಂಡು ಅರ್ಧ ಗಂಟೆ ನೋಡಿದಳು. ಎರಡನ್ನು ಒಪ್ಪಿದಳು. ಹದಿನೇಳನೆಯದನ್ನು ಒಪ್ಪಲಿಲ್ಲ.

"ಇದು ಹೆಣ್ಣೇ. ಇದರ ಬಾಲ ಉದ್ದ, ಅಷ್ಟೆ. ಜೋನಿ ಏನು ಬರೆದಿದ್ದಾಳೆ?"

ನಾನೂ ಹೆಣ್ಣು ಎಂದೇ ಬರೆದಿದ್ದೆ.

"ಹಾಗಿದ್ರೆ ಹೆಣ್ಣೇ," ಅಂದಳು ಅಮ್ಮ. ತಕರಾರು ಅಲ್ಲಿಗೆ ಮುಗಿದ ಹಾಗೆ ದೀಪ ಆರಿಸಿದಳು.

ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದೆ.

ವರ್ಲಿನ್ ಒಪ್ಪದೆ ಹದಿನೇಳನ್ನು ಗಂಡುಗಳ ಪೆಟ್ಟಿಗೆಗೇ ಬಿಟ್ಟ. ಬೇಸಿಗೆ ಮುಗಿಯುವಾಗ ಒಂದು ದಿನ ಅಂಚೆ ಕಚೇರಿಗೇ ಬಂದು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ನನ್ನ ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದ: ಹದಿನೇಳು ಮಣ್ಣು ತೋಡಿ ನಾಲ್ಕು ಮೊಟ್ಟೆ ಇಟ್ಟಿದೆ, ಅವರೆಕಾಳಿನಷ್ಟಷ್ಟು. ಹಿಂದೆ ನಿಂತಿದ್ದ ಮುದುಕಿಗೆ ಏನನ್ನಿಸಿತೋ, ನಮ್ಮಿಬ್ಬರನ್ನೂ ನೋಡಿ ಶುಭಾಶಯ ಅಂದಳು.

ಅಕ್ಟೋಬರಿನಲ್ಲಿ ಕ್ಯಾನ್ಸಸ್ ಸಿಟಿಯ ಸರೀಸೃಪ ಪ್ರದರ್ಶನದಲ್ಲಿ ವರ್ಲಿನ್ ಮೇಜು ಹಾಕಿದ. 'ಗಂಡು-ಹೆಣ್ಣು ಗುರುತು: ಕುರಶಿಗೆ ತಾಯಿ-ಮಗಳು' ಎಂದು ಹಲಗೆ ಬರೆಸಿದ್ದ. ಅಮ್ಮ ಚರ್ಚಿಗೆ ಹೋಗುವ ನೀಲಿ ಕೋಟು ಹಾಕಿಕೊಂಡು ಹಲಗೆಯ ಪಕ್ಕದಲ್ಲೇ ಕೂತಳು. ಬೆಳಿಗ್ಗೆಯಿಂದ ಜನ ಮುತ್ತಿಕೊಂಡರು. ಬೇರೆ ಮೇಜಿನವರೂ ಡಬ್ಬಿ ಹಿಡಿದುಕೊಂಡು ಬಂದರು. ನಾನು ನೋಡುತ್ತಿದ್ದೆ, ಹೇಳುತ್ತಿದ್ದೆ.

ವಿಚಿಟಾದಿಂದ ಬಂದಿದ್ದ ಗಂಡ-ಹೆಂಡತಿಗೆ ಒಂದು ಮರಿ ತೋರಿಸಿ, ಇದು ಗಂಡು, ಬಾಲ ಹೊರಡುವ ಜಾಗ ನೋಡಿ ಅಂದೆ. ಇಬ್ಬರೂ ತಲೆಯಾಡಿಸಿದರು. ಆದರೂ ಆ ಗಂಡಸು ಡಬ್ಬಿಯನ್ನು ಮೆಲ್ಲಗೆ ಅಮ್ಮನ ಕಡೆ ಸರಿಸಿದ.

"ನನ್ನನ್ಯಾಕಪ್ಪಾ ಕೇಳ್ತೀಯ?" ಅಂದಳು ಅಮ್ಮ, ಡಬ್ಬಿಯ ಕಡೆ ನೋಡದೆ. "ನನ್ನ ಮಗಳು ಹೇಳಿದ್ಲಲ್ಲ."

ಅವರು ಮರಿಯನ್ನು ತೆಗೆದುಕೊಂಡು ಹೋದರು. ಹಿಂದಿನವನು ತನ್ನ ಡಬ್ಬಿ ಮುಂದಿಟ್ಟ. ನಾನು ಮುಚ್ಚಳ ತೆಗೆದೆ.