ನಮ್ಮ ಸರದಿಯ ಮರ

ಗುಡಿಯ ಮುಂದಿದ್ದ ಹಳೆಯ ಮೇಪಲ್ ಚಂಡಮಾರುತಕ್ಕೆ ಬಿದ್ದು ಹನ್ನೊಂದು ವರ್ಷವಾಯಿತು. ಅದರ ಒಂದು ಬೀಜವನ್ನು ಅರ್ಚಕರು ಮೊಳಕೆ ಬರಿಸಿ, ಅಂಗೈ ಅಗಲದ ಕುಂಡದಲ್ಲಿ ಕೂರಿಸಿದರು. ಅದೇ ಈಗ ಬೋನ್ಸಾಯ್ ಆಗಿ ಬೆಳೆಯುತ್ತಿದೆ, ಇನ್ನೂ ಮೊಳದುದ್ದವಾಗಿಲ್ಲ. ಊರಿನ ಮನೆಗಳು ಸರದಿಯ ಮೇಲೆ ಒಂದೊಂದು ವರ್ಷ ಅದನ್ನು ಸಾಕಬೇಕು. ವಸಂತದ ಪೂಜೆಯ ದಿನ ದೇವರಿಗೆ ತೋರಿಸಿ, ಮುಂದಿನ ಮನೆಗೆ ಒಪ್ಪಿಸಬೇಕು. ಮರದ ಜೊತೆ ದೇವರೇ ಮನೆಗೆ ಬಂದು ಒಂದು ವರ್ಷ ಇದ್ದುಹೋಗುತ್ತಾನೆ ಎಂದು ನಮ್ಮ ನಂಬಿಕೆ. ಯಾರ ಮನೆಯಲ್ಲಾದರೂ ಅದು ಸತ್ತರೆ, ಆ ಮನೆಯವರು ಗುಡಿಯ ಮೆಟ್ಟಿಲು ಹತ್ತುವುದು ಹೇಗೆ?

ಕಳೆದ ಚಳಿಗಾಲ ಅದು ಪಕ್ಕದ ಮನೆಯ ಕಾನೆಮಾತ್ಸು ಅಜ್ಜನ ಬಳಿಯಿತ್ತು. ಪ್ರೀತಿ ಹೆಚ್ಚಾಗಿ ಒಲೆಯ ಹತ್ತಿರ ಇಟ್ಟ. ವಸಂತ ಬಂತೆಂದು ನಂಬಿದ ಮರ ಜನವರಿಯಲ್ಲೇ ಚಿಗುರಿತು; ಹೊರಗಿಟ್ಟ ಮೇಲೆ ಚಿಗುರು ಸುಟ್ಟು ಎರಡು ಕೊಂಬೆ ಒಣಗಿದವು. ಹಾಗೆ ಸೊರಗಿದ ಮರ ನಮ್ಮ ಕೈಗೆ ಬಂತು.

ನಮ್ಮದು ದಕ್ಷಿಣದಲ್ಲಿ, ದ್ವೀಪಗಳ ನಡುವಿನ ಒಳಗಡಲ ದಂಡೆಯ ಊರು. ಇಲ್ಲಿ ಹಿಮ ಬಿದ್ದರೂ ಮಧ್ಯಾಹ್ನದೊಳಗೆ ಕರಗಿಹೋಗುತ್ತದೆ. ಈ ಸಲ ಮಾತ್ರ ಎರಡು ದಿನ ಬಿಡದೆ ಬಿದ್ದು ಮೊಣಕಾಲು ಮುಟ್ಟಿತು. ಇನ್ನೂ ಒಂದು ವಾರ ಇದಕ್ಕಿಂತ ಕೆಟ್ಟ ಚಳಿ ಎಂದು ರೇಡಿಯೋ ಹೇಳಿತು. ನಾನು ಗಾಬರಿಯಾಗಿ ಮರವನ್ನು ಒಳಗೆ ತಂದು, ತೀರಿಹೋದ ನನ್ನ ಯಜಮಾನರ ಉಣ್ಣೆಯ ಮಫ್ಲರ್ ಸುತ್ತಿ, ಮನೆತನದ ಗತಿಸಿದ ಹಿರಿಯರನ್ನು ಪೂಜಿಸುವ ಪೀಠದ ಪಕ್ಕ ಬೆಚ್ಚಗೆ ಇಟ್ಟೆ.

ಈರುಳ್ಳಿ ಹೊಲದಿಂದ ಬಂದ ಸೊಸೆ ಸಾನಾಏ ಅದನ್ನು ನೋಡಿ ನಿಂತುಬಿಟ್ಟಳು.

"ಅತ್ತೆ, ಇದನ್ನ ಯಾಕೆ ಒಳಗೆ ತಂದ್ರಿ?"

"ಕಾಣಲ್ವಾ? ಹೊರಗೆ ನಾಯಿ ಕೂಡ ನಡುಗ್ತಿದೆ."

"ನಾಯಿ ಬೇರೆ, ಮರ ಬೇರೆ. ಇದು ನಿದ್ದೆಯಲ್ಲಿದೆ. ಈಗ ಎಬ್ಬಿಸಿದ್ರೆ ಹೊರಗಿಟ್ಟ ದಿನ ಸಾಯುತ್ತೆ. ಅಜ್ಜನ ಮನೇಲಿ ಆಗಿದ್ದೂ ಅದೇ ತಾನೆ?"

"ಏನಮ್ಮಾ, ಅಜ್ಜನ ಹೆಸರು ಕೇಳಿಸ್ತು?" ಬಾಗಿಲಲ್ಲಿ ಹಿಮದ ಬೂಟು ಕಳಚುತ್ತಾ ಕಾನೆಮಾತ್ಸು ಅಜ್ಜ ಕೇಳಿದ. ಮರದ ಯೋಗಕ್ಷೇಮ ವಿಚಾರಿಸಲು ಬಂದಿದ್ದ.

ಸಾನಾಏ ಹಿಂಜರಿಯಲಿಲ್ಲ. ಅವಳ ತವರು ಉತ್ತರದ ಅಕಿತಾ, ಹಿಮದ ಸೀಮೆ. "ನಮ್ಮೂರಲ್ಲಿ ಚಳಿಗಾಲವೆಲ್ಲಾ ಕೋಸನ್ನ ಹೊಲದಲ್ಲೇ ಹಿಮದಡಿ ಬಿಟ್ಟಿರ್ತೀವಿ ಅಜ್ಜ. ಬೇಕಾದಾಗ ಅಗೆದು ತರ್ತೀವಿ. ಹಿಮ ಹೊದಿಕೆ ಇದ್ದ ಹಾಗೆ. ಕೊಲ್ಲೋದು ಒಣಗಾಳಿ, ಹೆಪ್ಪುಗಟ್ಟಿದ ಬೇರಿನ ಮೇಲೆ ಬೀಳೋ ಬೆಳಗಿನ ಬಿಸಿಲು. ಇದನ್ನೂ ಹೂತಿಡೋಣ."

"ದೇವರ ಮರ, ಕೋಸು ಎರಡೂ ಒಂದೇನಾ? ಹಾಗಾದ್ರೆ ವಸಂತಕ್ಕೆ ಗುಡಿಗೆ ಉಪ್ಪಿನಕಾಯಿ ಹಾಕಿ ತರ್ತೀಯಾ?"

"ತಂದ್ರೆ ಅಜ್ಜನಿಗೆ ಒಂದು ಭರಣಿ ಜಾಸ್ತಿ."

ಅಜ್ಜ ನನ್ನ ಕಡೆ ತಿರುಗಿದ. "ತೊಯೋ, ಬೇಡ ಅನ್ನು. ಹೋದ್ರೆ ಹೋಗೋದು ನಿನ್ನ ಮನೆ ಹೆಸರು."

ಸೊಸೆ ಬಂದು ಆರು ವರ್ಷ. ಅವಳ ಸಾರಿನಲ್ಲಿ ಉಪ್ಪು ಹೆಚ್ಚು ಅಂದಿದ್ದೇನೆಯೇ ಹೊರತು ಒಂದು ದಿನವೂ ಭೇಷ್ ಅಂದವಳಲ್ಲ. ಪೀಠದಲ್ಲಿದ್ದ ಹಿರಿಯರನ್ನು ನೋಡಿದೆ. ಪಾಪ, ಅವರಿಗೂ ಹಿಮದ ವಿಷಯ ಗೊತ್ತಿರಲಿಲ್ಲ. ಮಫ್ಲರ್ ಬಿಚ್ಚಿದೆ.

"ತಗೊಂಡ್ಹೋಗು," ಅಂದೆ.

ಉಗ್ರಾಣದ ಉತ್ತರದ ಗೋಡೆಯ ನೆರಳಲ್ಲಿ ಅವಳು ಗುಂಡಿ ತೋಡಿದಳು. ಕುಂಡವನ್ನು ಅಂಚಿನವರೆಗೆ ಮಣ್ಣಿಗೆ ಇಳಿಸಿ, ಬುಡಕ್ಕೆ ಭತ್ತದ ಹುಲ್ಲು ಹಾಸಿದಳು. ಭಾರಕ್ಕೆ ಮುರಿಯದಿರಲೆಂದು ಕೊಂಬೆಗಳನ್ನು ಮೇಲಕ್ಕೆ ಸೇರಿಸಿ, ಹುಲ್ಲಿನ ಹಗ್ಗದಿಂದ ಸಡಿಲವಾಗಿ ಕಟ್ಟಿದಳು. ಆಮೇಲೆ ಹಿಟ್ಟು ಜರಡಿ ಹಿಡಿದಂತೆ ಹಿಮವನ್ನು ಕೈಯಿಂದ ಉದುರಿಸಿದಳು. ಒತ್ತಲಿಲ್ಲ. ಮರ ಪೂರ್ತಿ ಮುಚ್ಚಿದ ಮೇಲೆ ಗುಡಿಯಲ್ಲಿ ಕೈಮುಗಿಯುವಾಗ ಮಾಡುವಂತೆ ಎರಡು ಬಾರಿ ಚಪ್ಪಾಳೆ ತಟ್ಟಿ ತಲೆಬಾಗಿದಳು. ನಾನೂ ಬಾಗಿದೆ.

ಚಳಿ ಒಂಬತ್ತು ದಿನ ಬಿಡಲಿಲ್ಲ. ನಲ್ಲಿಗಳು ಒಡೆದವು, ಅಜ್ಜನ ಕಿತ್ತಳೆ ಗಿಡ ಕಪ್ಪಾಯಿತು. ಐದನೆಯ ದಿನ ಗಾಳಿ ಮರದ ಮೇಲಿನ ಹಿಮದ ಗುಪ್ಪೆಯನ್ನು ಹಾರಿಸತೊಡಗಿದಾಗ, ಸಾನಾಏ ರಸ್ತೆಬದಿಯ ಹಿಮವನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಸುರಿದಳು. ಬೇಲಿಯಾಚೆ ಹೆಂಗಸರು ನಕ್ಕರು: "ಎಲ್ಲರೂ ಹಿಮ ಹೊರಗೆ ಹಾಕ್ತಾರೆ, ತೊಯೋ ಸೊಸೆ ಮನೆಗೆ ಹೊತ್ಕೊಂಡು ಬರ್ತಾಳೆ!"

"ನಿಮ್ಮ ಅಂಗಳದ್ದೂ ಇದ್ರೆ ಕೊಡಿ, ಸಾಲ್ತಾ ಇಲ್ಲ," ಅಂದು ನಾನೂ ಒಂದು ಬಕೆಟ್ ಎತ್ತಿಕೊಂಡೆ.

ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ಹುಲ್ಲು ತೆಗೆದೆವು. ಊರಿನ ಮರಗಳೆಲ್ಲ ಮೊಗ್ಗು ಬಿಟ್ಟರೂ ಇದು ಕಡ್ಡಿಯ ಹಾಗೇ ನಿಂತಿತ್ತು. ದಿನಾ ಬೆಳಗ್ಗೆ ದೇವರಿಗೆ ನೀರಿಟ್ಟು ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಅಜ್ಜನೂ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಸಾನಾಏ ಮಾತ್ರ ಕೂರಲಿಲ್ಲ. "ಅದಕ್ಕೆ ಯಾವಾಗ ಏಳ್ಬೇಕು ಅಂತ ಗೊತ್ತು," ಅಂದು ಹೊಲಕ್ಕೆ ಹೋಗುತ್ತಿದ್ದಳು.

ಪೂಜೆಗೆ ನಾಲ್ಕು ದಿನವಿದ್ದಾಗ ಕೊಂಬೆಯ ತುದಿಗಳಲ್ಲಿ ಸೂಜಿಮೊನೆಯಷ್ಟು ಕೆಂಪು ಕಂಡಿತು. ಮರುದಿನ ಎಲ್ಲ ತುದಿಯಲ್ಲೂ. ಒಣಗಿದ ಕೊಂಬೆಯ ಬುಡದಲ್ಲಿ, ಕಾಂಡದಿಂದಲೇ ಹೊಸದೊಂದು ಮೊಗ್ಗು ಉಬ್ಬಿತ್ತು. ಅಜ್ಜ ಕನ್ನಡಕ ಹಾಕಿ ನೋಡಿದ, ತೆಗೆದು ಒರೆಸಿದ, ಮತ್ತೆ ನೋಡಿದ.

"ನಾನು ಕೊಂದ ಜಾಗದಲ್ಲೇ," ಅಂದ. "ಏನಮ್ಮಾ ಸಾನಾಏ, ಮುಂದಿನ ವರ್ಷ ಹಿಮ ಬೀಳದಿದ್ರೆ ಏನು ಮಾಡ್ಬೇಕು ಅಂತ ಊರಿಗೆಲ್ಲ ಹೇಳ್ಕೊಡು."

ಮರವನ್ನು ಗುಡಿಗೆ ಹೊರುವುದು ಮನೆಯ ಹಿರಿಯರ ಹಕ್ಕು. ಪೂಜೆಯ ದಿನ ನಾನು ಕುಂಡವನ್ನು ಸೊಸೆಯ ಕೈಗಿಟ್ಟೆ.

"ಅತ್ತೆ, ನೀವಲ್ವಾ ಹೊರಬೇಕು?"

"ನನಗೆ ಮೊಣಕಾಲು ನೋವು. ನಡಿ."

ಮೊಣಕಾಲಿಗೆ ಏನೂ ಆಗಿರಲಿಲ್ಲ. ಆ ಸುಳ್ಳನ್ನು ದೇವರು ಕ್ಷಮಿಸಲಿ. ಕಾಲುವೆ ದಂಡೆಯ ಮೇಲೆ ಹೋದರೆ ಗುಡಿ ಹತ್ತಿರ. ನಾನು ಊರ ನಡುವಿನ ದಾರಿ ಹಿಡಿಸಿದೆ. ಕೆಂಪು ಚಿಗುರಿನ ಮರ ಹಿಡಿದು ಅವಳು ಮುಂದೆ, ಬರಿಗೈಯಲ್ಲಿ ನಾನು ಹಿಂದೆ. ಪ್ರತಿ ಮನೆಯ ಬಾಗಿಲು ತೆರೆದುಕೊಳ್ಳಲು ಸಮಯ ಸಿಗಲೆಂದು ಬೇಕಂತಲೇ ನಿಧಾನವಾಗಿ ನಡೆದೆ.